ಐದು ಕಿಲೋಮೀಟರ್ ದೂರದ ರಾಜಧಾನಿ: ನವರಸಪುರ ಏಕೆ ನಿಲ್ಲಲಿಲ್ಲ

ವಿಜಯಪುರದ ಮಕ್ಕಾ ದರವಾಜದಿಂದ ಪಡುವಣಕ್ಕೆ ಹೊರಟು ಐದು ಕಿಲೋಮೀಟರ್ ಹೋದರೆ ತೊರವಿ ಸಿಗುತ್ತದೆ. ಮಹಿಳಾ ವಿಶ್ವವಿದ್ಯಾಲಯ ಇರುವ ಊರು ಎಂದರೆ ಈಗಿನವರಿಗೆ ಬೇಗ ಗುರುತು ಹತ್ತುತ್ತದೆ. ಹಳಬರಿಗೆ ನರಸಿಂಹನ ಗುಡಿ, ತೊರವೆ ರಾಮಾಯಣ. ಈ ಊರಿಗೆ ಹತ್ತಿಕೊಂಡೇ ನವರಸಪುರದ ಹಾಳು ಬಿದ್ದಿದೆ. ಎತ್ತರದ ಆವರಣ ಗೋಡೆಯೊಳಗೆ ಸಂಗೀತ ಮಹಲ್, ಅದರ ಮುಂದೆ ನೀರಿನ ಹೊಂಡ, ಆಚೆ ಹೊಲಗಳ ನಡುವೆ ಅಲ್ಲಲ್ಲಿ ಕೋಟೆಗೋಡೆಯ ತುಂಡುಗಳು. 1599ರಲ್ಲಿ ವಿಜಯಪುರದ ಸುಲ್ತಾನ 2ನೇ ಇಬ್ರಾಹಿಂ ಆದಿಲ್ ಶಾಹ ಇಲ್ಲಿ ತನ್ನ ರಾಜ್ಯಕ್ಕೆ ಹೊಸ ರಾಜಧಾನಿ ಕಟ್ಟಿಸಲು ಶುರು ಮಾಡಿದ. 1624ರಲ್ಲಿ ಅಹ್ಮದ್‌ನಗರ ರಾಜ್ಯದ ಸರದಾರ ಮಲಿಕ್ ಅಂಬರನ ದಂಡು ಬಂದು ಅದನ್ನು ಸುಲಿದು ಸುಟ್ಟಿತು. ನಡುವೆ 25 ವರ್ಷ ಸಿಕ್ಕಿತ್ತು. ಹಣವಂತ ರಾಜ್ಯ, 47 ವರ್ಷ ಆಳಿದ ದೊರೆ, ಕೈತುಂಬ ಕೆಲಸಗಾರರು. ಆದರೂ ರಾಜಧಾನಿ ಅಲ್ಲಿಗೆ ಹೋಗಲಿಲ್ಲ.

ಇದಕ್ಕೆ ಊರಲ್ಲಿ ಹೇಳುವ ಕಾರಣ ಎರಡು. ಒಂದು, ಗದ್ದುಗೆ ವಿಜಯಪುರ ಬಿಟ್ಟರೆ ಕೇಡು ಎಂದು ಜ್ಯೋತಿಷಿಗಳು ಹೇಳಿದರು, ದೊರೆ ಹೆದರಿ ಕೆಲಸ ನಿಲ್ಲಿಸಿದ. ಇನ್ನೊಂದು, ಮಲಿಕ್ ಅಂಬರ್ ಹಾಳು ಮಾಡಿದ. ಮೊದಲನೆಯದು ಬ್ರಿಟಿಷರ ಗೆಜೆಟಿಯರಿನಲ್ಲೂ ಅಚ್ಚಾಗಿದೆ. ಎರಡನ್ನೂ ಒಪ್ಪಿಕೊಂಡರೂ ಪ್ರಶ್ನೆ ಮುಗಿಯುವುದಿಲ್ಲ. ಅದೇ ಕಾಲದಲ್ಲಿ ದಖ್ಖನ್ನಿನ ಬೇರೆ ಹೊಸ ರಾಜಧಾನಿಗಳೂ ಸುಟ್ಟವು, ಮತ್ತೆ ಎದ್ದವು. ಇದು ಏಳಲಿಲ್ಲ.

ಮೊದಲಿನ ಸ್ಥಳಾಂತರಗಳು

ಬಹಮನಿ ರಾಜ್ಯ 1347ರಲ್ಲಿ ದೌಲತಾಬಾದಿನಲ್ಲಿ ಹುಟ್ಟಿತು. ಮೊದಲ ಸುಲ್ತಾನ ಅಲಾವುದ್ದೀನ್ ಹಸನ್ ಅದನ್ನು ಕಲಬುರಗಿಗೆ ತಂದ. ದಿಲ್ಲಿಯವರ ದಾರಿಯಿಂದ ದೂರ, ಕೃಷ್ಣಾ–ತುಂಗಭದ್ರಾ ನದಿಗಳ ನಡುವಿನ ದೋಆಬಿಗೆ ಹತ್ತಿರ ಎನ್ನುವುದು ಆಗಿನ ಲೆಕ್ಕಾಚಾರ. 1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾಹ ಒಂದು ದಶಕದೊಳಗೆ ಬೀದರಿಗೆ ಹೋದ. ಬೀದರಿನದು ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲ. ಕೋಟೆ ಕಟ್ಟಲೂ ಬಾವಿ ತೋಡಲೂ ಅನುಕೂಲ. ಈ ಎರಡು ಸ್ಥಳಾಂತರಗಳೂ ಗಟ್ಟಿಯಾದವು. ಹಳೆಯ ಊರಿನಿಂದ ಹೊಸ ಊರಿಗೆ ದಿನಗಟ್ಟಲೆ ಪ್ರಯಾಣ. ಹಳೆಯ ಮನೆಯಲ್ಲಿ ಸಂಸಾರ ಬಿಟ್ಟು ಹೊಸ ದರಬಾರಿಗೆ ದಿನವೂ ಹೋಗಿಬರಲು ಯಾವ ಸರದಾರನಿಗೂ ಆಗುತ್ತಿರಲಿಲ್ಲ.

ಇವೆರಡರ ನಡುವೆ ಒಂದು ಪ್ರಯತ್ನ ಕೆಟ್ಟಿತು. 1400ರ ಸುಮಾರಿಗೆ ಫಿರೋಜ್ ಶಾಹ ಬಹಮನಿ ಕಲಬುರಗಿಯಿಂದ ಸುಮಾರು 28 ಕಿ.ಮೀ. ದೂರದಲ್ಲಿ ಭೀಮಾ ದಂಡೆಗೆ ಫಿರೋಜಾಬಾದ್ ಕಟ್ಟಿಸಿದ. ಅದಕ್ಕೆ ಸುತ್ತಲೂ ಗೋಡೆ ಇತ್ತು, ದಿಕ್ಕಿಗೊಂದು ಬಾಗಿಲಿತ್ತು, ಜಾಮಿ ಮಸೀದಿ ಇತ್ತು, ನದಿಯಂತೂ ಪಕ್ಕದಲ್ಲೇ. ಫಿರೋಜ್ 1422ರಲ್ಲಿ ಹೋದ ಮೇಲೆ ಊರೂ ಬರಿದಾಯಿತು. ಗೋಡೆ ಒಂದಿದ್ದರೆ ರಾಜಧಾನಿ ನಿಲ್ಲುತ್ತದೆ ಎನ್ನುವವರು ಮೊದಲು ಇಲ್ಲಿಗೆ ಹೋಗಿ ಬರಬೇಕು.

ಬಹಮನಿ ರಾಜ್ಯ ಒಡೆದಾಗ ತುಂಡುಗಳ ಜೊತೆ ರಾಜಧಾನಿಗಳೂ ಹೆಚ್ಚಾದವು. ಯೂಸುಫ್ ಆದಿಲ್ ಖಾನ್ 1490ರ ಹೊತ್ತಿಗೆ ವಿಜಯಪುರದಲ್ಲಿ ಸ್ವತಂತ್ರನಾದ. ಹೊಸ ಊರು ಹುಡುಕದೆ ತಾನು ತರಫದಾರನಾಗಿ, ಅಂದರೆ ಪ್ರಾಂತ್ಯದ ಅಧಿಕಾರಿಯಾಗಿ, ಇದ್ದ ಊರನ್ನೇ ಇಟ್ಟುಕೊಂಡ. ನಿಜಾಮಶಾಹಿಯವರು ಜುನ್ನರ್ ಬಿಟ್ಟು ಅಹ್ಮದ್‌ನಗರ ಕಟ್ಟಿದರು. ಗೋಲ್ಕೊಂಡದ ಮಹಮ್ಮದ್ ಕುಲಿ ಕುತುಬ್ ಶಾಹ 1591ರಲ್ಲಿ ಮೂಸಿ ನದಿಯಾಚೆ ಹೈದರಾಬಾದಿಗೆ ಬುನಾದಿ ಹಾಕಿದ. ಇಬ್ರಾಹಿಮನ ನವರಸಪುರ ಇದಾದ ಎಂಟು ವರ್ಷಕ್ಕೆ. ನೆರೆಮನೆಯವ ಕಟ್ಟಿದ್ದನ್ನು ನೋಡಿ ಆಸೆ ಹುಟ್ಟಿತೆಂದು ಬರೆದಿಟ್ಟ ಪುರಾವೆ ಇಲ್ಲ. ಆದರೆ ಹೈದರಾಬಾದಿನ ಸುದ್ದಿ ಆದಿಲಶಾಹಿ ದರಬಾರಿಗೆ ಮುಟ್ಟದೇ ಇರಲು ಸಾಧ್ಯವಿಲ್ಲ.

1599ರ ಹೊತ್ತಿನ ವಿಜಯಪುರ

ಬಿಡಬೇಕೆಂದಿದ್ದ ಊರು ಹೇಗಿತ್ತು ಎಂಬುದೇ ಈ ಪ್ರಕರಣದ ಮುಖ್ಯ ಅಂಶ. ನಡುವೆ ಅರಕಿಲ್ಲಾ ಎಂಬ ಒಳಕೋಟೆ, ಅದರೊಳಗೆ ಗಗನ್ ಮಹಲ್ (1561), ಸಾತ್ ಮಂಜಿಲ್, ಆನಂದ ಮಹಲ್ (1589). ಅದರ ಸುತ್ತ ಪೇಟೆ, ಪೇಟೆಯ ಸುತ್ತ ದೊಡ್ಡ ಕೋಟೆಗೋಡೆ. 1ನೇ ಅಲಿ ಆದಿಲ್ ಶಾಹ ಈ ಗೋಡೆಯನ್ನು 1565ರಲ್ಲಿ, ಅಂದರೆ ರಕ್ಕಸಗಿ–ತಂಗಡಗಿ ಯುದ್ಧದ ವರ್ಷ, ಮುಗಿಸಿದ. ಸುತ್ತಳತೆ ಸುಮಾರು 10 ಕಿ.ಮೀ., ಬುರುಜು 96, ದೊಡ್ಡ ಬಾಗಿಲು ಐದು: ಪಡುವಣಕ್ಕೆ ಮಕ್ಕಾ, ವಾಯವ್ಯಕ್ಕೆ ಶಹಾಪುರ, ಬಡಗಣಕ್ಕೆ ಬಹಮನಿ, ಮೂಡಣಕ್ಕೆ ಅಲಿಪುರ, ತೆಂಕಣಕ್ಕೆ ಮಂಗೋಳಿ. ಎತ್ತರ 30ರಿಂದ 50 ಅಡಿ, ದಪ್ಪ ಸರಾಸರಿ 20 ಅಡಿ, ಹೊರಗೆ ಖಂದಕ. ಎರಡು ಕಡೆ ಕಲ್ಲಿನ ಗೋಡೆ ಎಬ್ಬಿಸಿ ನಡುವೆ ಮಣ್ಣು ಬಡಿದು ತುಂಬಿ ಮೇಲೆ ಓಡಾಡಲು ಹಾಸು ಹಾಕಿದ ರಚನೆ ಅದು. ಗುಂಡು ಬಿದ್ದರೆ ಹೊರಗಿನ ಕಲ್ಲು ಉದುರುತ್ತದೆ, ಒಳಗಿನ ಮಣ್ಣು ಪೆಟ್ಟನ್ನು ನುಂಗುತ್ತದೆ. ಒಂದೊಂದು ಭಾಗವನ್ನು ಒಬ್ಬೊಬ್ಬ ಸರದಾರನಿಗೆ ವಹಿಸಿದ್ದರಿಂದ ಬುರುಜುಗಳ ಆಕಾರ ಒಂದರ ಹಾಗೆ ಒಂದಿಲ್ಲ. ದಂಡಯಾತ್ರೆಗೆ ಹೋಗಿ ಈ ಕೆಲಸ ತಪ್ಪಿಸಿಕೊಂಡ ಹೈದರ್ ಖಾನ್ ಆಮೇಲೆ 1584ರಲ್ಲಿ ಒಳಗೆ ಬೇರೆಯೇ ಒಂದು ಬುರುಜು ಕಟ್ಟಿದನಂತೆ. ಅದೇ ಉಪ್ಪಲಿ ಬುರುಜು.

ಆ ಗೋಡೆಯ ಬೆಲೆ ಇಬ್ರಾಹಿಮನಿಗೆ ಬಾಲ್ಯದಲ್ಲೇ ಗೊತ್ತಾಗಿತ್ತು. 1580ರಲ್ಲಿ ಒಂಬತ್ತರ ಹುಡುಗ ಪಟ್ಟಕ್ಕೆ ಬಂದ. ಬೆನ್ನಿಗೇ ನೆರೆಯ ಸುಲ್ತಾನರ ಸೈನ್ಯಗಳು ಊರನ್ನು ಮುತ್ತಿದವು. ಒಳಗೆ ಹುಡುಗನ ಹೆಸರಿನಲ್ಲಿ ಆಳುತ್ತಿದ್ದ ರೀಜೆಂಟರ ಕಿತ್ತಾಟ, ಹೊರಗೆ ಮುತ್ತಿಗೆ. 1ನೇ ಅಲಿಯ ವಿಧವೆ ಚಾಂದ್ ಬೀಬಿ ನಿಂತು ನಡೆಸಿದ ಕಾಲ ಅದು. ಊರು ಬೀಳಲಿಲ್ಲ. ಆದರೆ ಅದೇ ಹತ್ತು ವರ್ಷಗಳಲ್ಲಿ ಅರಕಿಲ್ಲಾದ ಒಳಗೇ ಕಾಮಿಲ್ ಖಾನ್, ಕಿಶ್ವರ್ ಖಾನ್, ಇಖ್ಲಾಸ್ ಖಾನ್, ದಿಲಾವರ್ ಖಾನ್ ಒಬ್ಬರ ಮೇಲೊಬ್ಬರು ಅಧಿಕಾರ ಕಿತ್ತುಕೊಂಡರು. 1590ರಲ್ಲಿ ದಿಲಾವರನನ್ನು ತಳ್ಳಿದ ಮೇಲಷ್ಟೇ ದೊರೆಗೆ ಸ್ವಂತ ಕೈ ಬಂತು. ಮೂರ್ನಾಲ್ಕು ವರ್ಷಕ್ಕೆ ಬೆಳಗಾವಿ ಕೋಟೆಯಲ್ಲಿ ಇಟ್ಟಿದ್ದ ತಮ್ಮ ಇಸ್ಮಾಯಿಲ್ ತಿರುಗಿಬಿದ್ದ; ಅದನ್ನೂ ಅಡಗಿಸಬೇಕಾಯಿತು. ಹಳೆಯ ಸರದಾರರ ಹವೇಲಿಗಳಿಂದ ತುಂಬಿದ ಊರಿನಿಂದ ದೂರ, ತನ್ನದೇ ಆದ ಜಾಗ ಬೇಕೆನ್ನಿಸಿದ್ದರೆ ಆಶ್ಚರ್ಯವಿಲ್ಲ. ಒಂಬತ್ತು ರಸ, ಸಂಗೀತ, ‘ಕಿತಾಬ್-ಎ-ನವರಸ್’ ಬರೆದ ದೊರೆಯ ರಸಿಕತೆ ಇವೆಲ್ಲ ಊರಿಗೆ ಹೆಸರು ಕೊಟ್ಟವು. ಊರು ಬೇಕಾದದ್ದು ಬೇರೆ ಕಾರಣಕ್ಕೆ ಎಂದು ಈ 1580ರ ದಶಕವನ್ನು ಓದಿದವರಿಗೆ ಅನ್ನಿಸುತ್ತದೆ.

ಜಾಗದ ಆಯ್ಕೆ: ನೀರಿನ ತಲೆಯಲ್ಲಿ

ತೊರವಿಯ ಆಯ್ಕೆ ಮನಸ್ಸಿಗೆ ಬಂದ ಹಾಗೆ ಆದದ್ದಲ್ಲ. ವಿಜಯಪುರ ನಿಂತಿರುವುದು ಕರಿಕಲ್ಲಿನ, ಅಂದರೆ ಬಸಾಲ್ಟಿನ ಬಯಲಿನ ಮೇಲೆ. ವರ್ಷದ ಮಳೆ 600 ಮಿ.ಮೀ. ಆಚೀಚೆ, ಅದೂ ನಂಬುವಂಥದ್ದಲ್ಲ. ಗಟ್ಟಿ ಬಸಾಲ್ಟಿನೊಳಗೆ ನೀರು ಇಳಿಯುವುದಿಲ್ಲ. ಬಂಡೆಯ ಸೀಳುಗಳಲ್ಲಿ, ಎರಡು ಪದರಗಳ ನಡುವಿನ ಸಡಿಲ ಗರಸಿನಲ್ಲಿ ಮಾತ್ರ ನಿಲ್ಲುತ್ತದೆ. ಅಂಥ ಪದರ ಎಲ್ಲಿ ಸಿಗುತ್ತದೋ ಅಲ್ಲಿ ಬಾವಿ, ಸಿಗದಿದ್ದಲ್ಲಿ ಎಷ್ಟು ತೋಡಿದರೂ ಒಣ ಗುಂಡಿ. ಪಡುವಣದ ತೊರವಿ ಕಡೆ ಊರಿಗಿಂತ ನೆಲ ಎತ್ತರ, ಸೆಲೆಯೂ ಉಂಟು. 16ನೇ ಶತಮಾನದಲ್ಲೇ ಅಲ್ಲಿಂದ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದಿದ್ದರು. ಸುರಂಗ ಬಾವಡಿ ಎಂದು ಈಗಲೂ ಕರೆಯುವುದು ಅದರ ಬಾಯಿಯನ್ನೇ.

ಇದು ಇರಾನಿನ ಕಾರೇಜ್ ಪದ್ಧತಿ. ಮೊದಲು ಎತ್ತರದ ಕಡೆ ನೀರು ಸಿಗುವ ತಾಯಿಬಾವಿ ಗೊತ್ತು ಮಾಡಿಕೊಳ್ಳುತ್ತಾರೆ. ಅಲ್ಲಿಂದ ಊರಿನ ಕಡೆಗೆ ಸಾಲಾಗಿ ಕಿಂಡಿಬಾವಿಗಳನ್ನು ಇಳಿಸಿ, ಅವುಗಳ ತಳವನ್ನು ಒಂದಕ್ಕೊಂದು ಕೊರೆದು ಕೂಡಿಸುತ್ತಾರೆ. ತೋಡಿದ ಮಣ್ಣು ಈ ಕಿಂಡಿಗಳಿಂದಲೇ ಮೇಲೆ ಬರುತ್ತದೆ. ಮುಂದೆ ಗಾಳಿಗೆ, ಹೂಳು ತೆಗೆಯಲು ಇಳಿಯುವುದಕ್ಕೂ ಅವೇ ದಾರಿ. ಕಷ್ಟ ಇರುವುದು ಇಳಿಜಾರಿನಲ್ಲಿ. ಇಳಿಜಾರು ಕಡಿಮೆಯಾದರೆ ನೀರು ನಿಂತು ಹೂಳು ಕೂರುತ್ತದೆ. ಹೆಚ್ಚಾದರೆ ಗರಸಿನ ತಳವನ್ನು ನೀರೇ ಕೊರೆದು ಸುರಂಗ ಕುಸಿಯುತ್ತದೆ. ಊರೊಳಗೆ ಬಂದ ನೀರು ಮಣ್ಣಿನ ಕೊಳವೆಗಳಲ್ಲಿ ಹಂಚಿಕೆಯಾಗುತ್ತಿತ್ತು. ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗಂಜ್ ಎಂಬ ಗೋಪುರ. ನೀರು ಗೋಪುರದೊಳಗೆ ಏರಿ ಇಳಿಯುವಾಗ ಒತ್ತಡ ತಗ್ಗುತ್ತದೆ, ಕೊಳವೆ ಒಡೆಯುವುದಿಲ್ಲ. ಹೂಳು ತಳದಲ್ಲಿ ಉಳಿಯುತ್ತದೆ.

ಅಂದರೆ ಹೊಸ ಊರು ಹಳೆಯ ಊರಿನ ನೀರಿನ ತಲೆಯಲ್ಲಿ ಕೂತಿತು. ನೀರಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಇರಲಿಲ್ಲ. ಆದರೆ ಒಂದೇ ಸೆಲೆಯನ್ನು ಎರಡು ಊರು ಹಂಚಿಕೊಳ್ಳಬೇಕಾಯಿತು. ಮೇಲಿನ ಊರು ಬೆಳೆದಷ್ಟೂ ಕೆಳಗಿನದಕ್ಕೆ ಕೊರತೆ. ಹಳೆಯ ಊರನ್ನು ಖಾಲಿ ಮಾಡುವ ಉದ್ದೇಶ ನಿಜವಾಗಿ ಇದ್ದಿದ್ದರೆ ಇದು ತೊಡಕಾಗುತ್ತಿರಲಿಲ್ಲ.

ಇಪ್ಪತ್ತು ಸಾವಿರ ಆಳು

ಕೆಲಸದ ಉಸ್ತುವಾರಿ ಶಹನವಾಜ್ ಖಾನನದು. ರಾಜ್ಯದ ಮೂಲೆಮೂಲೆಗಳಿಂದ 20,000 ಕೆಲಸಗಾರರನ್ನು ಕೂಡಿಸಿದರೆಂಬ ಹೇಳಿಕೆ ಇದೆ. ದರಬಾರಿ ಬರಹಗಾರರ ಸಂಖ್ಯೆಗಳನ್ನು ಅರ್ಧಕ್ಕೆ ಇಳಿಸಿ ಓದುವುದು ಒಳ್ಳೆಯ ಅಭ್ಯಾಸ. ಹಾಗೆ ಇಳಿಸಿದರೂ ಒಂದು ಲೆಕ್ಕ ಹಾಕಿ ನೋಡಬಹುದು.

ವಿಜಯಪುರದಷ್ಟೇ ದೊಡ್ಡ ಗೋಡೆ ಬೇಕು ಅಂದುಕೊಳ್ಳಿ: ಉದ್ದ 10,000 ಮೀಟರ್, ಎತ್ತರ 9, ದಪ್ಪ 6. ಒಟ್ಟು 5,40,000 ಘನ ಮೀಟರ್. ಕಲ್ಲು ಒಡೆಯುವವ, ಹೊರುವವ, ಸುಣ್ಣ ಸುಡುವವ, ಗಾರೆ ಅರೆಯುವವ, ಕಟ್ಟುವವ ಎಲ್ಲರನ್ನೂ ಸೇರಿಸಿ ತಲೆಗೆ ದಿನಕ್ಕೆ ಕಾಲು ಘನ ಮೀಟರ್ ಎಂದು ಹಿಡಿದರೆ, 10,000 ಜನ ದಿನಕ್ಕೆ 2,500 ಘನ ಮೀಟರ್ ಮುಗಿಸುತ್ತಾರೆ. 216 ದಿನದ ಕೆಲಸ. ಮಳೆಗಾಲ, ಸುಗ್ಗಿ, ಜಡ್ಡು ಎಲ್ಲ ಕಳೆದು ಇದನ್ನು ನಾಲ್ಕು ಪಟ್ಟು ಮಾಡಿದರೂ ಮೂರು ವರ್ಷ ದಾಟುವುದಿಲ್ಲ. ಇದು ಬರೀ ಅಂದಾಜು, ಆದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಆಳು ಸಾಲದೆ ಗೋಡೆಯ ಕೆಲಸ ನಿಂತಿತೆನ್ನುವುದಕ್ಕೆ ಅರ್ಥವಿಲ್ಲ.

ಕಲ್ಲಿಗೂ ಕೊರತೆ ಇರಲಿಲ್ಲ, ಕಾಲಡಿಯ ಬಂಡೆಯೇ ಸಾಕು. ಸುಣ್ಣಕ್ಕೆ ಎರೆಮಣ್ಣಿನಲ್ಲಿ ಸಿಗುವ ಸುಣ್ಣದ ಹರಳು ಇತ್ತು. ತಡ ಮಾಡುವುದು ಅದನ್ನು ಸುಡಲು ಬೇಕಾದ ಸೌದೆ. ಈ ಬಯಲುಸೀಮೆಯಲ್ಲಿ ಮರ ವಿರಳ. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ, ಕೊಳೆಹಾಕಿ, ಗಾಣದಲ್ಲಿ ಮರಳಿನ ಜೊತೆ ಅರೆದರೆ ಗಚ್ಚು. ಅವಸರ ಮಾಡಿ ಸರಿಯಾಗಿ ಅರಳದ ಸುಣ್ಣ ಹಾಕಿದರೆ ಗೋಡೆಯೊಳಗೆ ಕೂತ ಮೇಲೆ ಅದು ಉಬ್ಬುತ್ತದೆ, ಗಿಲಾವು ಸಿಡಿಯುತ್ತದೆ.

ಹೊಟ್ಟೆಯ ಲೆಕ್ಕ ಇದಕ್ಕಿಂತ ಭಾರಿ. ತಲೆಗೆ ದಿನಕ್ಕೆ 700 ಗ್ರಾಂ ಜೋಳ ಎಂದರೆ 20,000 ಜನಕ್ಕೆ 14 ಟನ್. ಹೇರೆತ್ತಿಗೆ 100–120 ಕೆ.ಜಿ. ಹೊರೆ ಹಿಡಿದರೆ ದಿನವೂ 120ರಿಂದ 140 ಎತ್ತು ಬರಬೇಕು. ಡೋಣಿ (ಇಲ್ಲಿನ ಹೊಳೆಯ ಬಯಲು) ಬೆಳೆದರೆ ಓಣಿ ತುಂಬ ಜೋಳ ಎನ್ನುವ ಸೀಮೆ ಇದು, ಒಳ್ಳೆಯ ವರ್ಷದಲ್ಲಿ ಕಾಳಿಗೆ ಬರವಿಲ್ಲ. ಆದರೆ ಆ ಕಾಳು ಬಂದು ಇಳಿಯುತ್ತಿದ್ದದ್ದು ವಿಜಯಪುರದ ಪೇಟೆಗಳಲ್ಲಿ, ವಾಯವ್ಯದ ಶಹಾಪುರ ಪೇಠೆಯಲ್ಲಿ. ಹೊಸ ಊರು ತನ್ನ ಅನ್ನಕ್ಕೂ ಹಳೆಯ ಊರಿನ ಅಡತಿಯವರ ಕಡೆಯೇ ನೋಡಬೇಕಿತ್ತು.

ಹಾಗಾದರೆ ಏನು ಮುಗಿಯಿತು? ಅರಮನೆ, ಅದರ ಆವರಣ, ಸಂಗೀತ ಮಹಲ್, ಕೆಲವು ಸರದಾರರ ಮನೆಗಳು, ಹೊಂಡ, ತೋಟ. ಸಂಗೀತ ಮಹಲ್ ಅರಕಿಲ್ಲಾದ ಗಗನ್ ಮಹಲಿನ ಚಿಕ್ಕ ರೂಪ. ಎದುರಿಗೆ ನಡುವೆ ದೊಡ್ಡ ಕಮಾನು, ಎರಡು ಬದಿಗೆ ಕಿರಿದಾದ ಕಮಾನು. ಗಗನ್ ಮಹಲಿನ ನಡುಗಮಾನಿನ ಹರವು 60 ಅಡಿಗೂ ಹೆಚ್ಚು, ಇದು ಅಷ್ಟಿಲ್ಲ. ಊರ ಗೋಡೆ ಮಾತ್ರ ಅರ್ಧಕ್ಕೇ ನಿಂತಿತು. ಅರಮನೆ ಮುಕ್ಕಾಲು ಮುಗಿದರೆ ಮುಕ್ಕಾಲು ಭಾಗದಲ್ಲಿ ವಾಸ ಮಾಡಬಹುದು. ಕೋಟೆಗೋಡೆ ಮುಕ್ಕಾಲು ಮುಗಿದರೆ ಅದರ ಉಪಯೋಗ ಸೊನ್ನೆ. ಶತ್ರು ಉಳಿದ ಕಾಲು ಭಾಗದಿಂದ ಬರುತ್ತಾನೆ.

ಯಾವುದು ಹೋಯಿತು, ಯಾವುದು ಉಳಿಯಿತು

ದೊರೆಯ ಮೋಜಿಗೆ, ಹಬ್ಬಕ್ಕೆ, ಸಂಗೀತಕ್ಕೆ ಬೇಕಾದದ್ದೆಲ್ಲ ನವರಸಪುರಕ್ಕೆ ಹೋಯಿತು. ರಾಜ್ಯಕ್ಕೆ ಬೇಕಾದದ್ದು ಹಳೆಯ ಊರಲ್ಲೇ ಉಳಿಯಿತು. ಇದನ್ನು ಹೇಳಲು ಆ ಕಾಲದ ಎರಡು ಗುರುತುಗಳು ಸಾಕು.

ಮೊದಲನೆಯದು ಅಕ್ಬರನ ಕಡೆಯ ರಾಯಭಾರಿ ಅಸದ್ ಬೇಗನ ಬರಹ. ಅವನು 1603–04ರಲ್ಲಿ, ಇಬ್ರಾಹಿಮನ ಮಗಳನ್ನು ಮೊಗಲ್ ರಾಜಕುಮಾರ ದಾನಿಯಾಲನಿಗೆ ಕೊಡುವ ಮದುವೆಯ ಕೆಲಸದ ಮೇಲೆ ಬಂದಿದ್ದ. ತಂಬಾಕನ್ನು ಇಲ್ಲಿಂದ ಅಕ್ಬರನ ದರಬಾರಿಗೆ ಒಯ್ದವನೂ ಅವನೇ. ಹೊಸ ರಾಜಧಾನಿಗೆ ಆಗ ಐದು ವರ್ಷ. ಅಸದ್ ಬೇಗ್ ಬೆರಗಾಗಿ ಬಣ್ಣಿಸುವ ಬಜಾರು ವಿಜಯಪುರದ್ದು: ಮೂವತ್ತು ಗಜ ಅಗಲ, ಎರಡು ಕೋಸು ಉದ್ದ, ಅಂಗಡಿಗೊಂದು ಹಸಿರು ಮರ, ಒಂದರ ಪಕ್ಕ ಒಂದರಂತೆ ಜವಾಹಿರಿ, ಆಯುಧ, ಬಟ್ಟೆ, ರೊಟ್ಟಿ, ಮದ್ಯದ ಅಂಗಡಿಗಳು. ವ್ಯಾಪಾರ ಕದಲಿರಲಿಲ್ಲ.

ಎರಡನೆಯದು ತಾಜ್ ಬಾವಡಿ, 1620ರದ್ದು. ದೊರೆಯ ಹೆಂಡತಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದು ಎನ್ನುತ್ತಾರೆ. ಸುಮಾರು 68 ಮೀಟರ್ ಚೌಕ, 15 ಮೀಟರ್ ಆಳ. ಅಂಚಿನವರೆಗೆ ತುಂಬಿದರೆ ಹತ್ತಿರಹತ್ತಿರ 7 ಕೋಟಿ ಲೀಟರ್. ಇದು ಇರುವುದು ಹಳೆಯ ಊರ ಗೋಡೆಯ ಒಳಗೆ, ಮಕ್ಕಾ ದರವಾಜದ ಹತ್ತಿರ. ನವರಸಪುರ ಶುರುವಾಗಿ 21 ವರ್ಷವಾದ ಮೇಲೂ ರಾಜಮನೆತನದ ದೊಡ್ಡ ನೀರಿನ ಖರ್ಚು ಹಳೆಯ ಊರಿನಲ್ಲೇ ಆಗುತ್ತಿದ್ದರೆ, ದೊರೆಗೇ ಹೊಸದರ ಮೇಲೆ ಎಷ್ಟು ಭರವಸೆ ಇತ್ತೆಂದು ಕೇಳಬೇಕಾಗುತ್ತದೆ. ಜ್ಯೋತಿಷಿಗಳ ಮಾತು ನಿಜವಾಗಿ ಬಂದಿದ್ದರೂ, ಬಿಡಲು ಮನಸ್ಸಿಲ್ಲದವರಿಗೆ ಅದೊಂದು ಒಳ್ಳೆಯ ನೆಪವಾಗಿ ಒದಗಿರಬೇಕು.

ತಪ್ಪು ಇರುವುದು ಎರಡು ಊರಿನ ನಡುವಿನ ದೂರದಲ್ಲಿ. ಐದು ಕಿಲೋಮೀಟರ್ ಎಂದರೆ ಕುದುರೆಯ ಮೇಲೆ ಅರ್ಧ ತಾಸು. ಸರದಾರ ಬೆಳಿಗ್ಗೆ ದರಬಾರಿಗೆ ಹಾಜರಿ ಹಾಕಿ ಮಧ್ಯಾಹ್ನ ಊಟಕ್ಕೆ ಹಳೆಯ ಹವೇಲಿಗೆ ಮರಳಬಹುದು. ದಿವಾನನ ಕಚೇರಿ, ಕಾರಕೂನರು, ದಫ್ತರು ಕದಲುವ ಅಗತ್ಯವೇ ಬೀಳುವುದಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಚಳಿಗಾಲದ ಅಧಿವೇಶನಕ್ಕೆಂದು ಬಂದು ಹತ್ತು ದಿನಕ್ಕೆ ಬೆಂಗಳೂರಿಗೆ ಮರಳುವವರನ್ನು ನೋಡುತ್ತಿರುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1624

ಅಹ್ಮದ್‌ನಗರದ ಕೋಟೆ 1600ರಲ್ಲಿ ಮೊಗಲರ ಕೈಗೆ ಬಿತ್ತು. ಚಾಂದ್ ಬೀಬಿ ಸತ್ತದ್ದು ಆಗಲೇ. ನಿಜಾಮಶಾಹಿಯನ್ನು ಮತ್ತೆ ಎತ್ತಿ ನಿಲ್ಲಿಸಿದವ ಹಬಶಿ ಸರದಾರ ಮಲಿಕ್ ಅಂಬರ್. ಅವನಿಗೂ ಆದಿಲಶಾಹಿಗೂ ಮೊದಲು ಸ್ನೇಹ, ಆಮೇಲೆ ವೈರ. 1619ರಲ್ಲಿ ಇಬ್ರಾಹಿಂ ಬೀದರನ್ನು ನುಂಗಿಕೊಂಡ. 1620ರ ದಶಕದ ಆರಂಭಕ್ಕೆ ಅವನು ಮೊಗಲರ ಕಡೆ ವಾಲಿ, ಮುಲ್ಲಾ ಮಹಮ್ಮದ್ ಲಾರಿಯ ಕೈಕೆಳಗೆ ಆಯ್ದ ಕುದುರೆಸವಾರರನ್ನು ಬುರ್ಹಾನ್‌ಪುರಕ್ಕೆ ಕಳಿಸಿದ. ಎಡವಟ್ಟಾದದ್ದು ಇಲ್ಲಿಯೇ. ಗೋಡೆ ಇಲ್ಲದ ಊರಿಗೆ ಬಯಲಲ್ಲಿ ಕಾದಾಡುವ ಸೈನ್ಯವೇ ಗೋಡೆ. ಆ ಸೈನ್ಯ ನೂರಾರು ಮೈಲಿ ದೂರ ಹೋಯಿತು.

ಅಂಬರ್ ಗೋಲ್ಕೊಂಡದವರ ಜೊತೆ ಒಪ್ಪಂದ ಮಾಡಿಕೊಂಡು ಬೆನ್ನು ಭದ್ರಪಡಿಸಿದ. ಬೀದರಿನ ಕಡೆ ಹೊಡೆದ. ವಿಜಯಪುರದತ್ತ ಬಂದ. ಇಬ್ರಾಹಿಂ 1565ರ ಗೋಡೆಯೊಳಗೆ ಸೇರಿಕೊಂಡು ಬಾಗಿಲು ಹಾಕಿದ. ಹೊಸ ರಾಜಧಾನಿ ಹೊರಗೆ ಉಳಿಯಿತು. ಅದನ್ನು ಸುಲಿದು ಬೆಂಕಿ ಕೊಟ್ಟರು. ಲಾರಿಯನ್ನು ವಾಪಸ್ ಕರೆಸಿದರು, ಅವನ ಜೊತೆ ಮೊಗಲ್ ಸೈನ್ಯವೂ ಬಂತು. ಅಂಬರ್ ಹಿಂದೆ ಸರಿಯುತ್ತ ಅವರನ್ನು ಅಹ್ಮದ್‌ನಗರದ ಹತ್ತಿರದ ಭಾತವಡಿಗೆ ಎಳೆದುಕೊಂಡು ಹೋಗಿ ಅದೇ 1624ರಲ್ಲಿ ಸೋಲಿಸಿದ. ಲಾರಿ ಅಲ್ಲೇ ಸತ್ತ. ಮುಂದಿನ ವರ್ಷ ಸೊಲ್ಲಾಪುರವೂ ಅಂಬರನ ಪಾಲಾಯಿತು.

ಹಳೆಯ ಊರು ಉಳಿಯಿತು, ಹೊಸದು ಹೋಯಿತು. ದಂಡು ಬಂದಾಗ ದೊರೆ ಯಾವ ಊರಿಗೆ ಓಡಿ ಬಾಗಿಲು ಹಾಕಿಕೊಂಡನೋ ಅದೇ ನಿಜವಾದ ರಾಜಧಾನಿ. 25 ವರ್ಷಗಳಲ್ಲಿ ಅದು ಒಂದು ದಿನವೂ ಬದಲಾಗಿರಲಿಲ್ಲ.

ಹೈದರಾಬಾದ್ ಉಳಿದದ್ದು ಹೇಗೆ

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ನ್ಯಾಯವಾದದ್ದೇ. ಹೈದರಾಬಾದಿಗೂ ಗೋಡೆ ಇರಲಿಲ್ಲ. ಅದು ಬಂದದ್ದು 18ನೇ ಶತಮಾನದಲ್ಲಿ. 1656ರಲ್ಲಿ ಔರಂಗಜೇಬನ ಸೈನ್ಯ ನುಗ್ಗಿ ಊರನ್ನು ಸುಲಿಯಿತು. ಅಬ್ದುಲ್ಲಾ ಕುತುಬ್ ಶಾಹ ಗೋಲ್ಕೊಂಡ ಕೋಟೆಗೆ ಓಡಿದ. 1685ರಲ್ಲಿ ಮತ್ತೆ ಅದೇ ಆಯಿತು. ಹೊಸ ಊರು ಬಯಲಲ್ಲಿ, ಹಳೆಯ ಕೋಟೆ ಹತ್ತಿರದಲ್ಲಿ: ಚಿತ್ರ ನವರಸಪುರದ್ದೇ. ಆದರೆ ಹೈದರಾಬಾದ್ ಪ್ರತಿ ಸಲವೂ ಎದ್ದು ನಿಂತಿತು.

ವ್ಯತ್ಯಾಸ ಇರುವುದು ಹಳೆಯ ಊರುಗಳಲ್ಲಿ. ಗೋಲ್ಕೊಂಡ ಒಂದು ಗುಡ್ಡದ ಕೋಟೆ. ಒಳಗೆ ಜನ ಕಿಕ್ಕಿರಿದು, ನೀರಿಗೆ ತೊಂದರೆಯಾದದ್ದರಿಂದಲೇ ಮೂಸಿಯಾಚೆಗೆ ಊರು ಬೆಳೆದದ್ದು. ವ್ಯಾಪಾರಿಗಳು, ನೇಕಾರರು, ವಜ್ರದ ಸಾಹುಕಾರರು ಹೊಸ ಊರಿನಲ್ಲೇ ನೆಲೆ ನಿಂತರು. ದಂಡು ಹೋದ ಮೇಲೆ ಅವರಿಗೆ ಮರಳಲು ಬೇರೆ ಪೇಟೆ ಇರಲಿಲ್ಲ; ಸುಟ್ಟ ಅಂಗಡಿಯನ್ನೇ ಮತ್ತೆ ಎತ್ತಬೇಕಿತ್ತು. ನವರಸಪುರದವರಿಗೆ ಐದು ಕಿಲೋಮೀಟರಿನಲ್ಲಿ ಪೂರ್ತಿ ಊರೊಂದಿತ್ತು: ಗೋಡೆ, ನೀರು, ಬಜಾರು, ತಮ್ಮದೇ ಹಳೆಯ ಮನೆ. ಸುಟ್ಟದ್ದನ್ನು ಕಟ್ಟುವ ದರ್ದು ಯಾರಿಗೂ ಇರಲಿಲ್ಲ.

ಅಂಬರನ ಸ್ವಂತ ಊರೂ ಇದನ್ನೇ ತೋರಿಸುತ್ತದೆ. ನಿಜಾಮಶಾಹಿ ಗದ್ದುಗೆಯನ್ನು ಪರಂಡಾ, ಜುನ್ನರ್ ಎಂದು ಹೊತ್ತು ತಿರುಗಿದ ಮೇಲೆ 1610ರ ಸುಮಾರಿಗೆ ಅವನು ದೌಲತಾಬಾದಿನ ಹತ್ತಿರ ಖಡಕಿಯಲ್ಲಿ ಹೊಸ ಊರು ಕಟ್ಟಿದ. ಮೊಗಲರು ಅದನ್ನು 1616ರಲ್ಲಿ ಸುಟ್ಟರು, 1621ರಲ್ಲಿ ಮತ್ತೆ ನೆಲಸಮ ಮಾಡಿದರು. ನವರಸಪುರವನ್ನು ಸುಟ್ಟವನಿಗೆ ತನ್ನ ಊರು ಎರಡು ಸಲ ಸುಟ್ಟ ಅನುಭವ ಇತ್ತು. ಖಡಕಿ ಬಿದ್ದು ಎದ್ದದ್ದು ಅವನು ನೆಲದೊಳಗೆ ಹಾಕಿಸಿದ ನಹರಿನಿಂದ (ನೀರಿನ ಕಾಲುವೆಯಿಂದ), ಮತ್ತು ಪಕ್ಕದ ದೌಲತಾಬಾದ್ ಬರೀ ಗುಡ್ಡದ ಕೋಟೆಯಾಗಿದ್ದರಿಂದ. ಮುಂದೆ ಅದೇ ಔರಂಗಾಬಾದ್ ಆಯಿತು.

ಆಮೇಲೆ

ಅಂಬರ್ 1626ರಲ್ಲಿ, ಇಬ್ರಾಹಿಂ 1627ರಲ್ಲಿ ಸತ್ತರು. ಇಬ್ರಾಹಿಮನ ಗೋರಿ ಇರುವ ರೋಜಾ ನವರಸಪುರಕ್ಕೆ ಹೋಗುವ ದಿಕ್ಕಿನಲ್ಲೇ, ಪಡುವಣ ಗೋಡೆಯ ಆಚೆಗಿದೆ. ಮಗ ಮಹಮ್ಮದ್ ಆದಿಲ್ ಶಾಹ ನವರಸಪುರವನ್ನು ಮತ್ತೆ ಕಟ್ಟಲಿಲ್ಲ. ಅವನ ಹಣವೆಲ್ಲ ಹಳೆಯ ಊರಿಗೆ ಬಿತ್ತು: ಗೋಡೆಯೊಳಗೆ ಆಸಾರ್ ಮಹಲ್, 124 ಅಡಿ ಒಳವ್ಯಾಸದ ಗೋಲಗುಮ್ಮಟ; ತೆಂಕಣಕ್ಕೆ 1651ರಲ್ಲಿ ಬೇಗಂ ತಾಲಾಬ್. ಈ ಕೆರೆಯ ನೀರು ಬೇರೆ ಕೊಳವೆ, ಬೇರೆ ಗಂಜ್‌ಗಳ ಮೂಲಕ ಬರುವಂತಾದ ಮೇಲೆ ಊರು ತೊರವಿಯೊಂದನ್ನೇ ನೆಚ್ಚಿಕೊಳ್ಳುವುದು ತಪ್ಪಿತು. 1624ರ ಮುತ್ತಿಗೆಯಲ್ಲಿ ಶತ್ರು ಕೂತದ್ದು ಊರ ನೀರಿನ ತಲೆಯ ಮೇಲೆ ಎಂಬುದು ಮರೆತಿರಲಿಕ್ಕಿಲ್ಲ.

ಮುತ್ತಿಗೆಯ ಪಾಠವನ್ನೂ ಕಲಿತರು. 1636ರಲ್ಲಿ ಶಹಜಹಾನನ ಸೈನ್ಯ ಬಂದಾಗ ಇವರೇ ಮುಂದಾಗಿ ಹೊರಗಿನ ಶಹಾಪುರದ ಕೆರೆ ಬರಿದು ಮಾಡಿದರು, ಜನರನ್ನು ಗೋಡೆಯೊಳಗೆ ತಂದರು, ಸುತ್ತಲಿನ ಕಾಳು–ಮೇವು ಸಿಗದಂತೆ ಮಾಡಿದರು. ದಂಡು ನೀರು, ಮೇವಿಲ್ಲದೆ ಊರು ಹಿಡಿಯಲಾಗದೆ ಹೋಯಿತು, ಒಪ್ಪಂದವಾಯಿತು. ಹೊರಗೊಂದು ಹೊಸ ರಾಜಧಾನಿ ಜೀವಂತ ಇದ್ದಿದ್ದರೆ ಈ ಉಪಾಯಕ್ಕೆ ದೊರೆಯ ಮನಸ್ಸು ಬರುತ್ತಿತ್ತೇ? ಕೊನೆಗೆ ಔರಂಗಜೇಬನಿಗೂ 1685ರ ಏಪ್ರಿಲಿನಿಂದ 1686ರ ಸೆಪ್ಟೆಂಬರಿನವರೆಗೆ ಸುಮಾರು ಹದಿನೇಳು ತಿಂಗಳು ಬೇಕಾಯಿತು. ಆಗಲೂ ಎದುರಿದ್ದದ್ದು 1565ರ ಗೋಡೆಯೇ.

ನೋಡಲು ಹೋಗುವವರಿಗೆ

ಸಂಗೀತ ಮಹಲನ್ನಷ್ಟೇ ನೋಡಿ ಫೋಟೊ ತೆಗೆದು ಬಂದರೆ ನವರಸಪುರ ಒಂದು ರಂಗಮಂದಿರದ ಹಾಗೆ ಕಾಣುತ್ತದೆ. ಮೊದಲು ವಿಜಯಪುರದ ಗೋಡೆಯ ಮೇಲೆ, ಶೆರ್ಜಾ ಬುರುಜಿನ ಹತ್ತಿರ ಸ್ವಲ್ಪ ದೂರ ನಡೆದು ಅದರ ದಪ್ಪ, ಖಂದಕದ ಅಗಲ ಕಣ್ಣಳತೆ ಮಾಡಿಕೊಳ್ಳಬೇಕು. ಆಮೇಲೆ ತಾಜ್ ಬಾವಡಿ, ಅಲ್ಲಿಂದ ತೊರವಿಯ ಸುರಂಗ ಬಾವಡಿ, ಕೊನೆಗೆ ನವರಸಪುರದ ಗೋಡೆಯ ತುಂಡುಗಳು. ಈ ತುಂಡುಗಳಲ್ಲಿ ನೋಡಬೇಕಾದದ್ದು ಎರಡು: ಒಳಮುಖ ಮತ್ತು ಹೊರಮುಖದ ಕಲ್ಲು ಎರಡೂ ಕಟ್ಟಿವೆಯೇ ಅಥವಾ ಒಂದೇ ಇದೆಯೇ, ಮತ್ತು ನಡುವಿನ ಮಣ್ಣು ಎಷ್ಟು ಎತ್ತರಕ್ಕೆ ತುಂಬಿದೆ. ಕೆಲಸ ಕೈಬಿಟ್ಟದ್ದೋ ಆಮೇಲೆ ಕಲ್ಲು ಕಿತ್ತದ್ದೋ ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಕೈಬಿಟ್ಟ ಗೋಡೆಯ ತಲೆ ಸಾಲು ಸಾಲಾಗಿ, ಸಮನಾಗಿ ನಿಲ್ಲುತ್ತದೆ. ಕಲ್ಲು ಕಿತ್ತ ಗೋಡೆಯ ಬದಿ ಹರಿದಂತಿರುತ್ತದೆ, ಗಚ್ಚಿನಲ್ಲಿ ಕಲ್ಲಿನ ಅಚ್ಚು ಉಳಿದಿರುತ್ತದೆ. ಸುರಂಗದ ಸಾಲಿನ ಕಿಂಡಿಬಾವಿಗಳನ್ನು ಹೊಲದವರು ಮುಚ್ಚಿಬಿಡುವುದು, ಕಸ ತುಂಬುವುದು ಉಂಟು. ನಕ್ಷೆ ಮಾಡುವವರು ಗೋಡೆಗಿಂತ ಮೊದಲು ಅವನ್ನು ಗುರುತು ಹಾಕುವುದು ಒಳ್ಳೆಯದು. ಕಿಂಡಿಯಿಂದ ಕಿಂಡಿಗೆ ಅಂತರ, ಬಾಯಿಯ ಅಗಲ, ಆಳ, ಈಗ ನೀರಿನ ಮಟ್ಟ, ಇಷ್ಟು ಬರೆದುಕೊಂಡರೆ ಇಳಿಜಾರು ಲೆಕ್ಕಕ್ಕೆ ಸಿಗುತ್ತದೆ. ಎರಡು ಊರಿನ ನೀರಿನ ದಾರಿಗಳು ಎಲ್ಲಿ ಬೇರೆಯಾದವು ಎಂಬುದನ್ನು ಹುಡುಕಲು ಅಲ್ಲಿಂದ ಶುರು ಮಾಡಬಹುದು.